ನೋಂದಣಿ ಇಲ್ಲದ ಡಾಕ್ಟ್ರಮ್ಮ

ಚಿಕ್ಕಮಗಳೂರು
೧೨ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ರಕ್ಷಾ,

ಹೇಗಿದ್ದೀಯ ಮಾರಾಯ್ತಿ? ನಿನ್ನ ಮೆಸೇಜುಗಳನ್ನೆಲ್ಲ ನೋಡಿದೆ, ಒಂದಕ್ಕೂ ಉತ್ತರ ಕೊಡಲಿಲ್ಲ. ಎಂಟು ತಿಂಗಳಾಯಿತು. ಪ್ರತಿ ಸಲವೂ 'ಚೆನ್ನಾಗಿದ್ದೇನೆ' ಎಂದು ಟೈಪ್ ಮಾಡಿ ಅಳಿಸುತ್ತಿದ್ದೆ. ಕೊನೆಗೆ ಪೆನ್ನು ಹಿಡಿದಿದ್ದೇನೆ. ಬೈಯಬೇಡ.

ಮೊದಲು ಒಳ್ಳೆಯ ಸುದ್ದಿ. ನಾನು ಪಾಸಾದೆ. ವಿದೇಶದಲ್ಲಿ ಓದಿ ಬಂದವರು ಬರೆಯಬೇಕಾದ ಪರೀಕ್ಷೆ, ನಾಲ್ಕನೇ ಸಲಕ್ಕೆ. ಮುನ್ನೂರಕ್ಕೆ ನೂರೈವತ್ತು ಬೇಕಿತ್ತು, ನೂರೈವತ್ತಮೂರು ಬಂತು. ಇಂಟರ್ನ್‌ಶಿಪ್ ಸೀಟಿಗಾಗಿ ಐದು ತಿಂಗಳು ಕಾದು, ಈಗ ಇಲ್ಲಿನ ಒಂದು ಆಸ್ಪತ್ರೆಯಲ್ಲಿದ್ದೇನೆ. ಜೊತೆಯ ಇಂಟರ್ನ್‌ಗಳೆಲ್ಲ ಇಲ್ಲೇ ಓದಿದವರು, ನನಗಿಂತ ಚಿಕ್ಕವರು. ಯಾರೂ ಕೆಟ್ಟದಾಗಿ ಮಾತನಾಡುವುದಿಲ್ಲ. ಊಟಕ್ಕೆ ಹೋಗುವಾಗ ನನ್ನನ್ನು ಕರೆಯಲು ಮರೆಯುತ್ತಾರೆ, ಅಷ್ಟೆ. ಬಿಷ್ಕೆಕ್‌ನಲ್ಲಿ ಓದುವಾಗ ಒಂದೇ ಕುಕ್ಕರಿನಲ್ಲಿ ನಿನ್ನ ತಿಳಿಸಾರು, ನನ್ನ ಮಾಂಸದ ಸಾರು. ತೊಳೆಯುವ ಸರದಿ ಯಾರದ್ದು ಎಂದು ಆರು ವರ್ಷ ಜಗಳವಾಡಿದೆವಲ್ಲ, ಅಷ್ಟು ಜಗಳವಾಡುವವರೂ ಈಗಿಲ್ಲ. ಊರಿಗೆ ಹೋಗುವಾಗ ಬಸ್ಸು ನಿಮ್ಮೂರು ವಸ್ತಾರೆಯಲ್ಲಿ ನಿಂತರೆ, ನೀನು ಹತ್ತುತ್ತೀಯೇನೋ ಎಂದು ಇವತ್ತಿಗೂ ಬಾಗಿಲ ಕಡೆ ನೋಡುತ್ತೇನೆ.

ನಮ್ಮ ಬ್ಯಾಚಿನಲ್ಲಿ ಕರ್ನಾಟಕದವರು ಹತ್ತೊಂಬತ್ತು ಜನ ಇದ್ದೆವು. ಇಲ್ಲಿ ಪಾಸಾದವರು ನನ್ನನ್ನೂ ಸೇರಿಸಿ ನಾಲ್ವರು. ನಿನ್ನ ಹಾಗೆ ಈ ಪರೀಕ್ಷೆಯನ್ನೇ ಬರೆಯದೆ ಬೇರೆ ದೇಶಕ್ಕೆ ಹೋದವರು ಐವರು. ಲಿಖಿತ್ ಔಷಧ ಕಂಪನಿಯ ರೆಪ್ ಆಗಿದ್ದಾನೆ. ಮೊನ್ನೆ ನಮ್ಮ ಆಸ್ಪತ್ರೆಗೇ ಬಂದಿದ್ದ, ನನ್ನನ್ನು ಕಂಡು ಬ್ಯಾಗನ್ನು ಬೆನ್ನ ಹಿಂದೆ ಸರಿಸಿದ. ಇನ್ನುಳಿದವರು ಫೋನ್ ಎತ್ತುವುದಿಲ್ಲ. ನಾನೂ ಎತ್ತುತ್ತಿರಲಿಲ್ಲವಲ್ಲ.

ಗೋಣಿಬೀಡಿನಲ್ಲಿ ಕಳೆದ ಆ ಎರಡು ವರ್ಷದ ಬಗ್ಗೆ ನಿನಗೆ ಹೇಳಿಯೇ ಇಲ್ಲ. ಅಬ್ಬಾರ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಈ ಪರೀಕ್ಷೆಗೆ ಓದುತ್ತಿದ್ದೆ. ಊರವರಿಗೆಲ್ಲ ನಾನು ಡಾಕ್ಟ್ರಮ್ಮ. ನಮ್ಮ ಕಡೆಯ ಆರೋಗ್ಯ ಕೇಂದ್ರಕ್ಕೆ ವರ್ಷದಿಂದ ಡಾಕ್ಟರೇ ಇಲ್ಲ. "ಅಲ್ಲಿ ಡಾಕ್ಟ್ರಿಲ್ಲ ಅಂತಾರೆ, ಇಲ್ಲಿ ಡಾಕ್ಟ್ರು ಮನೇಲಿ ಕೂತಿದ್ದಾಳೆ. ಇದ್ಯಾವ ನಮೂನೆ ಮಾರಾಯ?" ಎಂದು ಅಬ್ಬಾ ಗಿರಾಕಿಗಳ ಹತ್ತಿರ ಹೇಳುತ್ತಿದ್ದರು. ಒಮ್ಮೆ ಪಕ್ಕದ ಮನೆಯ ಸರ್ವಮಂಗಳಾ ಅವರಿಗೆ ಜ್ವರಕ್ಕೆ ಮಾತ್ರೆ ಕೊಟ್ಟೆ. ಯಾರೋ ದೂರು ಕೊಟ್ಟರು. ಅಧಿಕಾರಿಯೊಬ್ಬರು ಮನೆಗೇ ಬಂದು, "ನೋಡಮ್ಮ, ನೋಂದಣಿ ಇಲ್ದೆ ವೈದ್ಯ ಮಾಡಿದ್ರೆ ಕೇಸಾಗುತ್ತೆ. ಓದಿದ್ದೆಲ್ಲ ನೀರಲ್ಲಿ ಹೋಗುತ್ತೆ" ಎಂದರು. ಅವರದ್ದೇನೂ ತಪ್ಪಿಲ್ಲ. ಆದರೆ ಅಂದಿನಿಂದ ಯಾರಾದರೂ ಮೆಟ್ಟಿಲು ಹತ್ತಿದ ಸದ್ದಾದರೆ ಮಾತ್ರೆಗಳ ಡಬ್ಬಿಯನ್ನು ಮಂಚದ ಕೆಳಗೆ ತಳ್ಳುತ್ತಿದ್ದೆ.

ಕಳೆದ ಡಿಸೆಂಬರಿನಲ್ಲಿ, ಪರೀಕ್ಷೆಗೆ ಮೂರು ವಾರ ಇರುವಾಗ, ದ್ಯಾವಮ್ಮ ಬಂದಳು. ಪಕ್ಕದ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ಯುವವಳು, ನಾನು ಶಾಲೆಗೆ ಹೋಗುವ ಕಾಲದಿಂದ ಪರಿಚಯ. ಅಷ್ಟು ಚಳಿಯಲ್ಲೂ ಮುಖ ಬೆವೆತಿತ್ತು.

"ಡಾಕ್ಟ್ರಮ್ಮ, ಬೆಳಗ್ಗಿಂದ ಎದೆ ಒತ್ತಿದಂಗಾಗ್ತದೆ. ಗ್ಯಾಸೋ ಏನೋ, ಒಂಚೂರು ನೋಡಿ."

"ನಾನು ನೋಡೋ ಹಾಗಿಲ್ಲ ದ್ಯಾವಮ್ಮ. ಮೂಡಿಗೆರೆ ಆಸ್ಪತ್ರೆಗೆ ಹೋಗ್ಬೇಕು."

"ಅಲ್ಲಿಗ್ಯಾಕೆ? ನೀವೇ ಇದ್ದೀರಲ್ಲ."

ಅಬ್ಬಾ ಕೆಲಸ ಬಿಟ್ಟು ಜೀಪಿನಲ್ಲಿ ಕರೆದುಕೊಂಡು ಹೋದರು. ಮೂಡಿಗೆರೆ ತಲುಪುವ ಮೊದಲೇ ಅವಳ ಜೀವ ಹೋಗಿತ್ತು.

ಪರೀಕ್ಷೆಯಲ್ಲಿ ಎದೆನೋವಿನ ಮೇಲೆ ಒಂದು ಪ್ರಶ್ನೆ ಬಂದಿತ್ತು. ಸರಿಯಾಗಿಯೇ ಉತ್ತರಿಸಿದೆ. ಫಲಿತಾಂಶ ಬಂದಾಗ ಮೊದಲು ಮನೆಗೆ ಬಂದವಳು ಅವಳ ಮಗಳು ರೂಪಶ್ರೀ, ಕಿತ್ತಳೆ ಹಣ್ಣು ತಂದಿದ್ದಳು. "ಅವ್ವ ಇದ್ದಿದ್ರೆ ಊರಿಗೆಲ್ಲ ಹೇಳ್ಕಂಡು ಬರೋಳು ಅಕ್ಕ" ಎಂದಳು. ಅಮ್ಮಿ ಹಣ್ಣು ಸುಲಿದು ನನ್ನ ಕೈಗಿಟ್ಟರು. ಬಾಯಿಗೆ ಹಾಕಲು ಆಗಲಿಲ್ಲ.

ಜರ್ಮನಿಗೆ ಬಾ, ಭಾಷೆ ಕಲಿತರೆ ಸಾಕು, ಇಲ್ಲಿ ಡಾಕ್ಟರುಗಳಿಗಾಗಿ ಕಾಯುತ್ತಿದ್ದಾರೆ ಎಂದು ಬರೆದಿದ್ದೀಯ. ನಿಜವೇ ಇರಬೇಕು. ನಾನು ಬರುವುದಿಲ್ಲ ರಕ್ಷಾ. ಇಂಟರ್ನ್‌ಶಿಪ್ ಮುಗಿದ ಮೇಲೆ ನಮ್ಮ ಕಡೆಯ ಆ ಆರೋಗ್ಯ ಕೇಂದ್ರಕ್ಕೇ ಅರ್ಜಿ ಹಾಕುತ್ತೇನೆ. ಇದು ನಿನ್ನ ಮೇಲಿನ ದೂರಲ್ಲ. ನೀನು ಹೋದದ್ದು ಸರಿ. ನಾನು ಉಳಿಯುವುದಕ್ಕೆ ಕಾರಣ ದೇಶಸೇವೆ ಎಂದೂ ತಿಳಿಯಬೇಡ.

ಚಳಿಗಾಲ ಬಂತು, ಸ್ಕಾರ್ಫ್ ಇಲ್ಲದೆ ಹೊರಗೆ ಹೋಗುವ ನಿನ್ನ ಹಳೆಯ ಚಾಳಿ ಬಿಡು. ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ಎದ್ದು ಮನೆಗೆ ನಡೆದು ಹೋಗಲಿ. ಅಲ್ಲಾಹ್ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಅಫ್ರೀನ್

ಮರೆತಿದ್ದು: ಮರೆತಿದ್ದಲ್ಲ. ಜೀಪಿನ ಮಾತು ಸುಳ್ಳು. ಅಬ್ಬಾ ಕೆಳಗೆ ಗ್ಯಾರೇಜಿನಲ್ಲೇ ಇದ್ದರು, ನಾನು ಕರೆಯಲಿಲ್ಲ. ಅದು ಹೃದಯದ ನೋವೆಂದು ಅವಳ ಮುಖ ನೋಡಿದ ತಕ್ಷಣ ನನಗೆ ತಿಳಿದಿತ್ತು. ಅದನ್ನು ಬಾಯಿಬಿಟ್ಟು ಹೇಳಿದರೂ ವೈದ್ಯ ಮಾಡಿದಂತೆ ಆದೀತು ಎಂದು ಹೆದರಿ, "ಬಸ್ಸಿಗೆ ಹೋಗು" ಎಂದಷ್ಟೇ ಹೇಳಿದೆ. ಒಬ್ಬರನ್ನು ಜೀಪಿಗೆ ಹತ್ತಿಸಲು ಯಾವ ನೋಂದಣಿಯೂ ಬೇಕಿರಲಿಲ್ಲ. ನನ್ನ ಆ ಕೋಣೆಯ ಕಿಟಕಿಯಿಂದ ಬಸ್ ಸ್ಟಾಂಡ್ ಕಾಣುತ್ತದೆ. ಮುಕ್ಕಾಲು ಗಂಟೆ ಅವಳು ಎದೆ ಹಿಡಿದುಕೊಂಡು ಅಲ್ಲಿ ಕೂತಿದ್ದಳು, ನಾನು ಪುಸ್ತಕ ಹಿಡಿದುಕೊಂಡು ಇಲ್ಲಿ. ಬಸ್ಸು ಬಂದಾಗ ನಮ್ಮ ಕಿಟಕಿಯತ್ತ ತಿರುಗಿ, ಹೋಗಿ ಬರುತ್ತೇನೆ ಎನ್ನುವಂತೆ ಕೈ ಎತ್ತಿದಳು. ನಾನೂ ಎತ್ತಿದೆ.