ಕೆಂಪು ದಾರ, ನೀಲಿ ದಾರ

ಮೇ ೨೧, ಭಾನುವಾರ ಮಧ್ಯಾಹ್ನ

ಮಗನಿಗೆ ಅಮ್ಮನ ಆಶೀರ್ವಾದ.

ಎಲ್ಲರೂ ಕ್ಷೇಮ ಎಂದು ಶುರು ಮಾಡಬೇಕು. ಎಲ್ಲರೂ ಒದ್ದೆ ಎಂದು ಬರೆದರೆ ಹೆಚ್ಚು ನಿಜ. ಮಕ್ಕಳನ್ನು ತಂದು ಬಿಟ್ಟುಹೋದ ಮೇಲೆ ಒಂದು ಸಾಲೂ ಬರೆಯಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಬರೆಯಲು ಕುಳಿತಾಗಲೆಲ್ಲ ಒಬ್ಬಳು ಪೆನ್ನು ಕಿತ್ತುಕೊಂಡಳು, ಇನ್ನೊಬ್ಬ ಕಾಗದದಲ್ಲಿ ದೋಣಿ ಮಾಡಿಸಿಕೊಂಡ. ಫೋನಿದೆಯಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು "ಆಮೇಲೆ ಮಾಡ್ತೀನಮ್ಮ" ಎಂದು ಇಟ್ಟುಬಿಡುತ್ತೀಯ. ಕಾಗದದ ಬಾಯಿ ಹಾಗೆ ಮುಚ್ಚಲಾಗುವುದಿಲ್ಲ. ಅದೂ ಅಲ್ಲದೆ ಈ ಮನೆಯಲ್ಲಿ ಫೋನಿಗೆ ಈಗ ಕಿವಿಗಳು ಜಾಸ್ತಿ.

ಹೆಸರಿಗೆ ಬೇಸಿಗೆ ರಜೆ. ಮಕ್ಕಳು ಬಂದ ದಿನ ಶುರುವಾದ ಮಳೆ ಇನ್ನೂ ಉಸಿರು ತೆಗೆದುಕೊಂಡಿಲ್ಲ. ಲಾಂಡ್ರಿ ನಡೆಸುವವಳಿಗೆ ಇಂಥ ಬೇಸಿಗೆ ಎಂದರೆ ಏನೆಂದು ನಿನಗೆ ಹೇಳಬೇಕಾಗಿಲ್ಲ, ನೀನು ಒಣಗದ ಚಾದರಗಳ ನಡುವೆಯೇ ಬೆಳೆದವನು. ಮಷೀನು ಒಗೆದುಕೊಡುತ್ತದೆ, ಒಣಗಿಸುವುದು ಯಾರು? ಅಂಗಡಿಯಲ್ಲಿ ಜಾಗ ಸಾಲದೆ ಮಹಡಿಯ ಮನೆಗೂ ಹಗ್ಗ ಕಟ್ಟಿಸಿದ್ದೇನೆ. ಹಾಲಿನಿಂದ ಅಡುಗೆಮನೆಗೆ ಹೋಗಬೇಕಾದರೆ ಹೋಟೆಲಿನ ಚಾದರಗಳನ್ನು ಸರಿಸಿಕೊಂಡು ಹೋಗಬೇಕು. ನನಗೆ ಅದು ಹೊಟ್ಟೆಪಾಡು, ಮಕ್ಕಳಿಗೆ ಕಾಡು. ಗುಂಡ (ನಿನ್ನ ಮಗನಿಗೆ ಇಲ್ಲಿ ಎಲ್ಲರೂ ಇಟ್ಟಿರುವ ಹೆಸರು) ಒಂದು ಸಲ ಹುಲಿಯಾಗಿ, ಇನ್ನೊಂದು ಸಲ ಹುಲಿಯನ್ನು ತಿನ್ನುವ ಇನ್ಯಾವುದೋ ಪ್ರಾಣಿಯಾಗಿ ಹೊರಗೆ ಬರುತ್ತಾನೆ. ಡಾಕ್ಟರಮ್ಮನ ಬಿಳಿ ಕೋಟಿನ ಬೆನ್ನ ಮೇಲೆ ಅವನ ಐದೂ ಬೆರಳು ಬಣ್ಣದಲ್ಲಿ ಮೂಡಿದ್ದವು. ಮತ್ತೆ ಒಗೆದೆ.

ನಿನ್ನ ಮಗಳಿಗೆ ನಮ್ಮ ಇಸ್ತ್ರಿಯವನು ಇಟ್ಟ ಹೆಸರು ಮೇಡಂ. ಅವನು ಪ್ಯಾಂಟಿಗೆ ಎರಡು ಗೆರೆ ಬೀಳಿಸಿದರೆ ಅವಳು ಪಕ್ಕದಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುತ್ತಾಳೆ. ಪಾಪ, ನಾಲ್ಕನೆಯ ದಿನಕ್ಕೇ ಅವನು ನನ್ನ ಮುಂದೆ ಕೈಕಟ್ಟಿ ನಿಂತ.

"ಅಕ್ಕಾ, ಒಂದೋ ಇವರಿಗೆ ಕೆಲಸ ಕೊಡಿ, ಇಲ್ಲಾ ನನಗೆ ರಜೆ ಕೊಡಿ."

ಕೆಲಸ ಕೊಟ್ಟೆ. ಅಲ್ಲೇ ಎಡವಿದೆ ಎಂದು ಈಗ ಅನ್ನಿಸುತ್ತಿದೆ, ಆದರೆ ಎಡವಿದ್ದು ಯಾವುದಕ್ಕೆ ಎಂದು ಸರಿಯಾಗಿ ಗೊತ್ತಾಗುತ್ತಿಲ್ಲ. ಸಾವಕಾಶವಾಗಿ ಹೇಳುತ್ತೇನೆ, ಓದು.

ಬಟ್ಟೆಗೆ ಗುರುತಿನ ದಾರ ಕಟ್ಟುವುದನ್ನು ಕಲಿಸಿದೆ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಬಣ್ಣ, ಕಾಲರಿನ ಹಿಂದೆ ಒಂದು ಎಳೆ, ಯಾರ ಬಟ್ಟೆ ಯಾರ ಮನೆಗೆ ಎಂದು ತಪ್ಪದಂತೆ. ನಮ್ಮ ಗಂಟು ನಿನಗೆ ನೆನಪಿರಬೇಕು, ಮಷೀನಿನಲ್ಲಿ ಎಷ್ಟು ತಿರುಗಿದರೂ ಬಿಚ್ಚದು. ಮೇಡಂ ಒಂದೇ ಬೆಳಿಗ್ಗೆಯಲ್ಲಿ ಕಲಿತಳು. ಜೊತೆಗೆ ನಮ್ಮ ಕಸುಬಿನ ನಿಯಮವನ್ನೂ ಹೇಳಿಕೊಟ್ಟೆ: ಗಿರಾಕಿಯ ವಿಷಯ ಅಂಗಡಿಯ ಹೊಸಿಲು ದಾಟಬಾರದು. ಗುಂಡನ ಕಣ್ಣು ಮಾತ್ರ ಹಿಂದಿನ ಗೂಡಿನ ಮೇಲಿತ್ತು, ದಾರ ಕಿತ್ತುಹೋಗಿ ಯಾರದೆಂದು ತಿಳಿಯದೆ ಉಳಿದ ಬಟ್ಟೆಗಳ ಮೇಲೆ. ಅವು ಯಾರ ಮನೆಗೆ ಹೋಗುತ್ತವೆ ಎಂದು ಕೇಳಿದ. ಯಾರ ಮನೆಗೂ ಹೋಗುವುದಿಲ್ಲ ಕಣೋ, ಗುರುತಿಲ್ಲದ್ದು ಅಜ್ಜಿ ಹತ್ತಿರವೇ ಇರುತ್ತದೆ ಎಂದೆ. ಅವನು ಆ ಗೂಡನ್ನು ತುಂಬಾ ಹೊತ್ತು ನೋಡಿದ. ಒಳಗೆ ಏರಿ ಕೂರುವ ಯೋಚನೆ ಇರಬೇಕು ಎಂದುಕೊಂಡು ಕೈಹಿಡಿದು ಕರೆತಂದೆ.

ಎರಡು ದಿನ ಮನೆ ತಣ್ಣಗಿತ್ತು. ಆಮೇಲೆ ಮಹಡಿಯ ಮೇಲೆ ದಾರಗಳು ಕಾಣಿಸಿಕೊಂಡವು. ಟೂತ್ ಬ್ರಷ್ಷಿಗೆ ಕೆಂಪು ದಾರ. ಮಳೆಕೋಟಿಗೆ ನೀಲಿ. ಬಣ್ಣದ ಪೆನ್ಸಿಲ್ ಡಬ್ಬಿಗೆ ಕೆಂಪು, ಆದರೆ ಅದರೊಳಗಿನ ರಬ್ಬರಿಗೆ ನೀಲಿ. ಕೆಂಪು ಅವಳದು, ನೀಲಿ ಅವನದು ಎಂದು ಲೆಕ್ಕ ಹಾಕಿ ನಿಶ್ಚಿಂತೆಯಾದೆ. ಲೆಕ್ಕ ಸಂಜೆಯವರೆಗೂ ನಿಲ್ಲಲಿಲ್ಲ. ಅವಳ ಫ್ರಾಕುಗಳಲ್ಲಿ ಅರ್ಧಕ್ಕೆ ನೀಲಿ, ಗುಂಡನ ಆಟದ ಕಾರುಗಳಲ್ಲಿ ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. ಹೊಸದು ಹಳೆಯದು ಎಂದು ನೋಡಿದೆ, ಒಗೆದದ್ದು ಒಗೆಯದ್ದು ಎಂದು ನೋಡಿದೆ, ಯಾವುದಕ್ಕೂ ತಾಳೆಯಾಗಲಿಲ್ಲ. ಊರಿನವರ ಬಟ್ಟೆಯೆಲ್ಲ ಕಣ್ಣುಮುಚ್ಚಿ ಬೇರೆ ಮಾಡುವ ನನಗೆ ಇಬ್ಬರು ಮಕ್ಕಳ ಸಾಮಾನಿನ ತಲೆಬುಡ ತಿಳಿಯಲಿಲ್ಲ. ಕೊನೆಗೆ ಮಾನ ಬಿಟ್ಟು ಅವಳನ್ನೇ ಕೇಳಿದೆ. ಅವಳು ತಲೆ ಎತ್ತದೆ ಗಂಟು ಬಿಗಿಯುತ್ತ ಹೇಳಿದಳು:

"ಗಿರಾಕಿ ವಿಷಯ ಹೊರಗೆ ಹೇಳಬಾರದು ಅಂತ ನೀನೇ ಹೇಳಿದ್ದಲ್ವಾ ಅಜ್ಜಿ?"

ಇಸ್ತ್ರಿಯವನು ನಕ್ಕು, ನಿಮ್ಮ ಅಂಗಡಿಗೆ ವಾರಸುದಾರಳು ಸಿಕ್ಕಳು ಬಿಡಿ ಎಂದ. ನಾನೂ ನಕ್ಕೆ. ಒಳಗೊಳಗೇ ಉಬ್ಬಿದೆ ಎಂದರೂ ಸುಳ್ಳಲ್ಲ.

ಗುರುವಾರ ಮಧ್ಯಾಹ್ನ ಕೆಳಗೆ ಕರೆಂಟು ಹೋಗಿ ಮಷೀನು ನಿಂತಿತು, ಮೇಲೆ ಬಂದೆ. ಚಾದರಗಳ ಆಚೆ ಮಕ್ಕಳಿಬ್ಬರೂ ಕೂತಿದ್ದರು. ಗುಂಡ ಅಳುತ್ತಿದ್ದ. ಅವನು ಹುಟ್ಟಿದಾಗಿನಿಂದ ಬಿಡದ ಆ ಹಳದಿ ಹೊದಿಕೆ, ಬಟ್ಟೆಯ ನಾಯಿ ಇವೆಯಲ್ಲ, ಎರಡನ್ನೂ ಎದೆಗೆ ಅವುಚಿಕೊಂಡಿದ್ದ. ಮೇಡಂ ನಿನ್ನ ಹಾಗೆಯೇ, ದನಿ ಏರಿಸದೆ, ಬಿಡಿಸಿ ಬಿಡಿಸಿ ಹೇಳುತ್ತಿದ್ದಳು.

"ಹೊದಿಕೆ ಅಪ್ಪನ ಮನೆಗೆ, ನಾಯಿ ಅಮ್ಮನ ಮನೆಗೆ. ಎರಡೂ ಒಂದೇ ಕಡೆ ಇಟ್ಟರೆ ಇನ್ನೊಂದು ಮನೇಲಿ ನೀನು ಹೇಗೆ ಮಲಗ್ತೀಯ?"

ನಾನು ಒದ್ದೆ ಚಾದರವನ್ನು ಮುಖಕ್ಕೆ ಅಂಟಿಸಿಕೊಂಡು ಅಲ್ಲೇ ನಿಂತೆ.

ಮಕ್ಕಳ ಮಾತು, ಆಟ ಎಂದು ನೂಕಿಬಿಡಬಹುದು. ಇದೇ ಗುಂಡ ಮಷೀನಿನೊಳಗೆ ಮೀನಿದೆ ಎಂದು ಪಕ್ಕದ ಮೆಡಿಕಲ್ ಶಾಪಿನವನನ್ನು ಕರೆತಂದು ತೋರಿಸಿದ್ದಾನೆ. ಆದರೆ ಅಂದಿನಿಂದ ನನ್ನ ತಲೆ ಸುಮ್ಮನೆ ಕೂರುತ್ತಿಲ್ಲ. ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ, ಅದಕ್ಕೇ ಮಕ್ಕಳನ್ನು ಇಟ್ಟುಕೋ ಎಂದೆ ನೀನು. ಇಂಥ ಮಳೆಯಲ್ಲಿ ಯಾವ ಗೋಡೆಗೆ ಬಣ್ಣ ಹಿಡಿಯುತ್ತದಪ್ಪ? ಕೇಳಬೇಕಿತ್ತು. ಮಕ್ಕಳು ಬರುತ್ತಾರೆಂಬ ಆಸೆಯಲ್ಲಿ ಕೇಳಲಿಲ್ಲ.

ಇನ್ನೊಂದು ಹೇಳುತ್ತೇನೆ, ನಗಬೇಡ. ಮೊದಲ ದಿನ ಮಕ್ಕಳ ಬ್ಯಾಗು ಬಿಚ್ಚಿದಾಗ ಬಟ್ಟೆಗಳಲ್ಲಿ ಎರಡು ಬಗೆಯ ಮಡಿಕೆ ಇತ್ತು. ಅರ್ಧ ನನ್ನ ಸೊಸೆಯ ಕೈಯದು, ಸುರುಳಿ ಸುತ್ತಿದ್ದು. ಅರ್ಧ ನಿನ್ನದು, ತೋಳು ಹಿಂದಕ್ಕೆ ಮಾಡಿ ಮೂರು ಪಟ್ಟು, ನಾನು ಕಲಿಸಿದ್ದು. ಸೋಪಿನ ವಾಸನೆಯೂ ಬೇರೆ ಬೇರೆ. ನನ್ನ ಮಗ ಮನೆಯಲ್ಲಿ ಬಟ್ಟೆ ಒಗೆದು ಮಡಚುತ್ತಾನೆ, ಹೆಂಡತಿಗೆ ಕೈ ಜೋಡಿಸುತ್ತಾನೆ ಎಂದು ಇಸ್ತ್ರಿಯವನಿಗೆ, ಕೌಂಟರಿನ ಹುಡುಗಿಗೆ, ಬಂದ ಗಿರಾಕಿಗಳಿಗೆಲ್ಲ ತೋರಿಸಿ ಮೆರೆದೆ. ಒಂದೇ ಮನೆಯಲ್ಲಿ ಎರಡು ಸೋಪು ಯಾಕೆ ಎಂಬುದು ಹೊಳೆಯಲೇ ಇಲ್ಲ. ಇಷ್ಟು ವರ್ಷ ಬಟ್ಟೆ ನೋಡಿ ಮನೆಯ ಸಂಗತಿ ಹೇಳುತ್ತೇನೆಂದು ಜಂಬ ಪಟ್ಟವಳು ನಾನು.

ಸೊಸೆ ದಿನಾ ಸಂಜೆ ಫೋನು ಮಾಡುತ್ತಾಳೆ. ಮಕ್ಕಳ ಜೊತೆ ಮಾತಾಡಿ, ಕೊನೆಗೆ ನನ್ನ ಮಂಡಿನೋವು ವಿಚಾರಿಸುತ್ತಾಳೆ. ನೀನು ಬೆಳಿಗ್ಗೆ ಮಾಡುತ್ತೀಯ. ಇಬ್ಬರೂ ಒಟ್ಟಿಗೆ ಇರುವಾಗ ಒಂದು ಸಲವೂ ಫೋನು ಬರಲಿಲ್ಲ. ನಿನ್ನೆ ಅವಳ ಹತ್ತಿರ ಕೇಳಿಯೇಬಿಡೋಣ ಎಂದುಕೊಂಡೆ. ಬಾಯಿಗೆ ಬಂದದ್ದು "ಅಲ್ಲೂ ಮಳೆನಾ?" ಎಂದು. "ಹೌದು ಅತ್ತೆ" ಎಂದಳು. ಅವಳು ಇನ್ನು ಎಷ್ಟು ದಿನ ನನ್ನನ್ನು ಅತ್ತೆ ಎಂದು ಕರೆಯುತ್ತಾಳೋ ಎಂದು ಮನಸ್ಸಿಗೆ ಬಂತು, ಫೋನು ಇಟ್ಟುಬಿಟ್ಟೆ.

ಸಿಟ್ಟು ಮಾಡಬೇಕೋ, ಅಳಬೇಕೋ, ಯಾರ ಕಿವಿ ಹಿಂಡಬೇಕೋ ನನಗೆ ತಿಳಿಯುತ್ತಿಲ್ಲ. ನಾನೇ ತಪ್ಪು ತಿಳಿದಿದ್ದರೆ ನಕ್ಕು ಬೈದುಬಿಡು, ಅದರಷ್ಟು ಸಂತೋಷ ಇನ್ನೊಂದಿಲ್ಲ. ನಿಜವಾಗಿದ್ದರೆ ನೀವಿಬ್ಬರೂ ಬಂದು ಎದುರು ಕೂತು ಹೇಳಿ. ನನಗಲ್ಲ, ಮಕ್ಕಳಿಗೆ. ಅವರಿಗೆ ಗೊತ್ತು, ಆದರೆ ಯಾರೂ ಹೇಳಿಲ್ಲ. ಅದಕ್ಕೇ ಆ ಹುಡುಗಿ ಒಬ್ಬಳೇ ಕೂತು ಎರಡು ಮನೆ ಸಂಸಾರ ಹೂಡುತ್ತಿದ್ದಾಳೆ. ಮುಂದಿನ ಭಾನುವಾರ ರಜೆ ಮುಗಿಯುತ್ತದೆ. ಬಟ್ಟೆಯನ್ನು ತಪ್ಪು ಮನೆಗೆ ಕಳಿಸಿದವಳಲ್ಲ ನಾನು. ಈ ಇಬ್ಬರನ್ನು ಯಾವ ವಿಳಾಸಕ್ಕೆ ಕಳಿಸಲಿ, ಅದನ್ನಾದರೂ ಬರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ಚೆನ್ನಾಗಿರು. ಅವಳೂ ಚೆನ್ನಾಗಿರಲಿ, ಇದನ್ನು ಅವಳಿಗೂ ಹೇಳು.

ನಿನ್ನ ಅಮ್ಮ

ಮರೆತ ಮಾತು: ಇಂದು ಬೆಳಿಗ್ಗೆ ಸ್ನಾನ ಮಾಡಿಸುವಾಗ ನೋಡಿದೆ, ಗುಂಡನ ಬಲಗೈಗೆ ಎರಡು ದಾರ, ಒಂದು ಕೆಂಪು, ಒಂದು ನೀಲಿ. ಅಕ್ಕ ಕಟ್ಟಿದ್ದಂತೆ. ಈಗ ಈ ಕಾಗದ ಮಡಚುತ್ತಿರುವಾಗ ಅವನೇ ಕತ್ತರಿ ಹಿಡಿದುಕೊಂಡು ಬಂದ. ಎರಡನ್ನೂ ಕತ್ತರಿಸಿಬಿಡು ಅಜ್ಜಿ ಎಂದ. ಯಾಕೋ ಎಂದೆ.

"ಗುರುತಿಲ್ಲದ್ದು ನಿನ್ನ ಹತ್ರಾನೇ ಇರುತ್ತೆ ಅಂದ್ಯಲ್ಲ."

ಕತ್ತರಿ ಮೊಂಡಾಗಿದೆ ಎಂದು ಸುಳ್ಳು ಹೇಳಿ ಎತ್ತಿಟ್ಟೆ. ಅವನು ಹೋಗಲಿಲ್ಲ. ಇಲ್ಲೇ ನನ್ನ ಕಾಲ ಹತ್ತಿರ ಕೂತು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಾನೆ. ಎಷ್ಟು ಎಳೆದರೂ ಬರುತ್ತಿಲ್ಲ, ಅದು ನಮ್ಮ ಅಂಗಡಿಯ ಗಂಟು.