ಅಗ್ಗದ ಲ್ಯಾಪ್‌ಟಾಪಿನ ಗುಣಾವಗುಣ

ಸಿಂಧನೂರು
18 ನವೆಂಬರ್ 2024, ಸೋಮವಾರ

ಪ್ರೀತಿಯ ಕೌಸರ್‌ಗೆ ಸಲಾಂ,

ನೀನು ಮಸ್ಕಿಯ ತವರಿಗೆ ಹೋಗಿ ಇವತ್ತಿಗೆ ಹನ್ನೆರಡು ದಿನ. ಫೋನ್ ಮಾಡಿದಾಗೆಲ್ಲ ನಿಮ್ಮ ಅಮ್ಮ ಎತ್ತಿಕೊಂಡು "ಕೌಸರ್ ಜಳಕಕ್ಕ ಹೋಗ್ಯಾಳಪ್ಪ" ಎನ್ನುತ್ತಾರೆ. ದಿನಕ್ಕೆ ಐದು ಸಲ ಜಳಕ ಮಾಡುವಷ್ಟು ನೀರು ಮಸ್ಕಿಗೆ ಯಾವಾಗ ಬಂತೋ ನನಗೆ ತಿಳಿಯದು. ಅದಕ್ಕೇ ಈ ಕಾಗದ. ನಿನ್ನ ತಮ್ಮ ನಾಸೀರ್ ಬೆಳಿಗ್ಗೆ ನಮ್ಮ ಅಂಗಡಿಗೆ ಬಂದಿದ್ದಾನೆ, ಅವನ ಕೈಲೇ ಕಳಿಸುತ್ತಿದ್ದೇನೆ.

ಗಾಬರಿಯಾಗಬೇಡ, ಇದು ಮನೆಗೆ ಬಾ ಎಂದು ಅಂಗಲಾಚುವ ಕಾಗದವಲ್ಲ. ನಾಸೀರನಿಗೂ ನಮ್ಮಂಥದೇ ಅಗ್ಗದ ಲ್ಯಾಪ್‌ಟಾಪ್ ಬೇಕಂತೆ. "ಭಾಯ್, ಲಿಂಗಸುಗೂರಾಗ ಸಿಗಾಕತ್ತೈತಿ. ತಗೊಳ್ಳೋದೋ ಬ್ಯಾಡೋ? ಒಳ್ಳೇದು ಕೆಟ್ಟದ್ದು ಎಲ್ಲಾ ನಮ್ಮ ಕೌಸರ್ ಆಪಾಗ ಬರದು ಕೊಡು, ಆಕಿ ಹೂಂ ಅಂದ್ರ ತಗೋತೀನಿ" ಎಂದ. ಏಳು ತಿಂಗಳು ಅಂಗಡಿಯಲ್ಲಿ ಅದರ ಜೊತೆ ಬಾಳಿದವನು ನಾನು, ನನಗಿಂತ ಚೆನ್ನಾಗಿ ಯಾರು ಹೇಳಿಯಾರು?

ಮೊದಲು ಅವಗುಣ. ಮೈಯೆಲ್ಲ ಪ್ಲಾಸ್ಟಿಕ್ಕು, ಮೂಲೆ ಒತ್ತಿದರೆ ಕಿರ್ ಎನ್ನುತ್ತದೆ. ದೊಡ್ಡ ಫ್ಲೆಕ್ಸಿನ ಕೆಲಸ ಕೊಟ್ಟರೆ ಏದುಸಿರು ಬಿಟ್ಟು ನಿಂತೇಬಿಡುತ್ತದೆ. ಹಂಚು ಕಾದ ಹಾಗೆ ಕಾಯುತ್ತದೆ. ಪರದೆಯಂತೂ ದೊಡ್ಡ ಸುಳ್ಳುಗಾರ, ಕೆಂಪನ್ನು ಇಟ್ಟಿಗೆ ಬಣ್ಣ ಮಾಡಿ ತೋರಿಸುತ್ತದೆ. ಕೀಲಿಗಳ ಮೇಲೆ ಒಂದೇ ಒಂದು ಕನ್ನಡ ಅಕ್ಷರವಿಲ್ಲ. ನಮ್ಮ ಅಬ್ಬಾ, ಅವರ ಹಿಂದೆ ನಾನು, ಈ ಊರಿನ ಅಕ್ಕಿ ಗಿರಣಿಗಳ ಗೋಡೆಗೆ ಆಳೆತ್ತರದ ಅಕ್ಷರ ಬರೆದವರು. ನಮ್ಮ ಬ್ರಶ್ಶು ಒಂದು ದಿನವೂ ಹ್ಯಾಂಗ್ ಆದದ್ದಿಲ್ಲ.

ಇನ್ನು ಗುಣ. ಹಗುರ. ನೀನು ಅದನ್ನು ಸಂತೆ ಚೀಲಕ್ಕೆ ಹಾಕಿಕೊಂಡು ದಢೇಸುಗೂರಿಗೆ ಹೋಗಿ, ಗೊಬ್ಬರದಂಗಡಿಯವರ ಎದುರಿಗೇ ಬೋರ್ಡಿನ ನಮೂನೆ ಮಾಡಿ ತೋರಿಸಿ ಬಂದೆಯಲ್ಲ! ಕರೆಂಟ್ ಹೋದರೂ ನಾಲ್ಕು ತಾಸು ತಡೆಯುತ್ತದೆ. ದೊಡ್ಡ ಫ್ಲೆಕ್ಸು ಭಾರವಾದರೆ ಹತ್ತರಲ್ಲಿ ಒಂದು ಪಾಲು ಅಳತೆಯಲ್ಲಿ ಮಾಡಿ ಕಳಿಸಬಹುದು, ಪ್ರಿಂಟ್ ಹಾಕುವವನು ಹಿಗ್ಗಿಸಿಕೊಳ್ಳುತ್ತಾನೆ, ಅಕ್ಷರದ ಅಂಚು ಒಡೆಯುವುದಿಲ್ಲ. ಪರದೆಯನ್ನು ನಂಬದೆ ಬಣ್ಣದ ನಂಬರು ನೆನಪಿಟ್ಟು ಹಾಕಿದರೆ ಫ್ಲೆಕ್ಸಿನ ಮೇಲೆ ಅಚ್ಚ ಕೆಂಪೇ ಬರುತ್ತದೆ. ಕೀಲಿಗಳಿಗೆ ಬಿಳಿ ಪಟ್ಟಿ ಅಂಟಿಸಿ ಅಕ್ಷರ ಬರೆದುಕೊಂಡರೆ ಕನ್ನಡಕ್ಕೂ ತೊಂದರೆಯಿಲ್ಲ.

ಇಷ್ಟು ಬರೆದು ಒಮ್ಮೆ ಓದಿ ನೋಡಿದೆ, ಕೌಸರ್. ಹಗುರ, ಬ್ಯಾಟರಿ, ಇವೆರಡು ಬಿಟ್ಟರೆ ಮಿಕ್ಕದ್ದು ಯಾವುದೂ ಲ್ಯಾಪ್‌ಟಾಪಿನ ಗುಣವಲ್ಲ. ಎಲ್ಲಾ ನಿನ್ನದು. ಮದುವೆಗೆ ಮುಂಚೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ ಎಂದು ನೀನು ಹೇಳಿದಾಗ ನಾನು ನಕ್ಕಿದ್ದೆ. ಈಗ ನಾಚಿಕೆಯಾಗುತ್ತದೆ.

ಇನ್ನು ಸುತ್ತು ಬಳಸುವುದಿಲ್ಲ. ಪಂಪಾಪತಿ ಸಾಹುಕಾರರ ಹೊಸ ಗಿರಣಿಯ ಫ್ಲೆಕ್ಸ್ ಮಾಡಿದವಳು ನೀನು. ಅವರು ಅಂಗಡಿಗೆ ಬಂದು "ಯಾರ್ ಮಾಡ್ಯಾರೋ ಖಾದರ? ಊರೆಲ್ಲ ನಿಂತು ನೋಡಾಕತ್ತೈತಿ" ಎಂದಾಗ, "ನಾನ ರೀ ಸಾವಕಾರ್ರ" ಎಂದುಬಿಟ್ಟೆ. ನೀನು ಚಹಾ ಹಿಡಿದು ನನ್ನ ಬೆನ್ನ ಹಿಂದೆಯೇ ನಿಂತಿದ್ದೆ. ಜಗಳ ಮಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ನೀನು ಅವರಿಗೆ ಚಹಾ ಕೊಟ್ಟು, ಲ್ಯಾಪ್‌ಟಾಪ್ ಮುಚ್ಚಿಟ್ಟು, ಮರುದಿನ ಬಸ್ ಹತ್ತಿದೆ. ಗೋಡೆ ಬರೆಯುವ ಕೆಲಸ ನಿಂತ ಮೇಲೆ ನನ್ನನ್ನು ಯಾರೂ ಹೊಗಳಿರಲಿಲ್ಲ, ಕೌಸರ್. ಹೊಗಳಿಕೆ ಕಿವಿಗೆ ಬಿದ್ದ ಕೂಡಲೇ ಕೈಚಾಚಿ ಕಸಿದುಕೊಂಡೆ. ಅದೂ ನಿನ್ನಿಂದ. ನನ್ನದು ತಪ್ಪಾಯಿತು.

ಮೊನ್ನೆ ಗಿರಣಿಗೆ ಹೋಗಿ, ಗುಮಾಸ್ತರು ಹಮಾಲರು ಎಲ್ಲರ ಎದುರಿಗೇ, ಅದು ನನ್ನ ಹೆಂಡತಿಯ ಕೆಲಸ ಎಂದು ಹೇಳಿದೆ. ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನನಗ ಅವತ್ತ ಗೊತ್ತಿತ್ತಲೇ! ಮೌಸ್ ಯಾವ ಕಡಿಂದ ಹಿಡೀಬೇಕಂತ ನಿನಗೇನ್ ಗೊತ್ತೈತಿ? ನಮ್ಮ ಹುಡುಗಿ ಲಗ್ನಪತ್ರಿಕೀನೂ ನಿನ್ನ ಹೆಂಡ್ತಿ ಕೈಲೇ ಆಗಬೇಕು ನೋಡು, ನೀ ನಡುವ ಬಾಯಿ ಹಾಕಬ್ಯಾಡ" ಎಂದರು. ಹಮಾಲರೂ ನಕ್ಕರು, ತಡೆಯಲಾಗದೆ ನಾನೂ ನಕ್ಕೆ. ಹಿಂದಿರುಗುವಾಗ ದಾರಿಯುದ್ದಕ್ಕೂ ಶಿಳ್ಳೆ ಹಾಕಿಕೊಂಡು ಬಂದೆ.

ನಿನ್ನೆ ಅಂಗಡಿಯ ಹಳೆಯ ಬೋರ್ಡು ಕೆರೆದು ಹೊಸದಾಗಿ ಬರೆದೆ: ಕೌಸರ್ ಖಾದರಬಾಷಾ ಆರ್ಟ್ಸ್. ನಿನ್ನ ಹೆಸರು ಗಿಡ್ಡ, ನನ್ನದು ಉದ್ದ. ಎರಡಕ್ಕೂ ಒಂದೇ ಅಗಲ ಬರಲೆಂದು ನಿನ್ನ ಅಕ್ಷರಗಳನ್ನು ದಪ್ಪ ಮಾಡಬೇಕಾಯಿತು. ಈಗ ಬಸ್ ಸ್ಟ್ಯಾಂಡಿನಿಂದ ನೋಡಿದರೆ ನಿನ್ನ ಹೆಸರೊಂದೇ ಕಾಣುತ್ತದೆ. ಕಾಣಲಿ, ನನಗೆ ಖುಷಿಯೇ.

ನಾಸೀರನಿಗೆ ಏನು ಹೇಳಬೇಕೋ ನೀನೇ ಹೇಳು. ನೀನು ಕಲಿಸುವುದಾದರೆ ತಗೊಳ್ಳಲಿ ಎನ್ನುವುದು ನನ್ನ ಅಭಿಪ್ರಾಯ. ಅಮ್ಮನಿಗೆ ನನ್ನ ಸಲಾಂ. ನಿನ್ನ ನೆನಪು ಬಹಳ ಆಗುತ್ತದೆ.

ನಿನ್ನ ಅಂಗಡಿಯ ಪೇಂಟರ್,
ಖಾದರಬಾಷಾ

ತಾ.ಕ.: ಬರೆಯಬಾರದೆಂದಿದ್ದೆ, ಬರೆಯದೆ ಗತಿಯಿಲ್ಲ. ನೀನು ಹೋದಂದಿನಿಂದ ಲ್ಯಾಪ್‌ಟಾಪ್ ತೆರೆದುಕೊಂಡಿಲ್ಲ. ಅದರ ಪಾಸ್‌ವರ್ಡ್ ನನಗೆ ಗೊತ್ತಿಲ್ಲ, ಏಳು ತಿಂಗಳಲ್ಲಿ ಒಮ್ಮೆಯೂ ಕೇಳಿದವನಲ್ಲ. ಮೊನ್ನೆ ಧೈರ್ಯ ಮಾಡಿ ನನ್ನ ಹೆಸರು ಹೊಡೆದು ನೋಡಿದೆ. ತಪ್ಪು ಎಂದಿತು. ಅದೂ ನಿನ್ನ ಪಕ್ಷವೇ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ನಾಸೀರನ ಕೈಲಿ ಕಳಿಸಬೇಡ, ಫೋನಿನಲ್ಲೂ ಹೇಳಬೇಡ. ಬಂದು ನೀನೇ ಹೊಡಿ.