ಹದಿಹರೆಯದವರ ಐವತ್ತೆಂಟು ವರ್ಷದ ಪ್ರತಿನಿಧಿ

ಪ್ರಾಂತೀಯ ಆರೋಗ್ಯ ನಿರ್ದೇಶಕರಾದ ಮಾನ್ಯರೇ,

ಲಾ ಸೈಬಿತಾ ಊರಿನ ಹದಿಹರೆಯದವರ ಆರೋಗ್ಯ ಸಮಿತಿಯಲ್ಲಿ ಹದಿಹರೆಯದವರ ಪ್ರತಿನಿಧಿ ನಾನು. ವಯಸ್ಸು ಐವತ್ತೆಂಟು. ಮಂಡಿನೋವಿದೆ, ಒಬ್ಬ ಮೊಮ್ಮಗನೂ ಇದ್ದಾನೆ. ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸುತ್ತೇನೆಂಬ ಅರ್ಹತೆಯ ಮೇಲೆ ತಾವು ನನ್ನನ್ನು ನೇಮಿಸಿದಿರಿ. ಸಮಿತಿಯ ಉಳಿದ ಸದಸ್ಯರನ್ನು ನೋಡಿದರೆ ನಾನು ಹುಡುಗನೇ ಸರಿ. ಈ ನೇಮಕವೇ ನನ್ನ ದೂರು.

ತಮ್ಮ ‘ಯುವಸ್ನೇಹಿ’ ಚಿಕಿತ್ಸಾಲಯಕ್ಕೆ ಮಕ್ಕಳೇಕೆ ಬರುತ್ತಿಲ್ಲವೆಂದು ತಾವು ಸಭೆಯಲ್ಲಿ ಕೇಳಿದಿರಿ. ‘ಸುಮ್ಮನೆ ನಾಚಿಕೆ’ ಎಂದು ನಾನು ಬಲ್ಲವನಂತೆ ಉತ್ತರಿಸಿದೆ. ಮರುದಿನ ಮೈದಾನದಲ್ಲೂ ಅದನ್ನೇ ಉಪದೇಶಿಸಿದೆ. ನಮ್ಮ ತಂಡದಲ್ಲಿ ಚೆಂಡೆಸೆಯುವ ನೆರೆಯ್ದಾ, ಹದಿನಾರರ ಹುಡುಗಿ, ನೇರವಾಗಿ ಕೇಳಿದಳು:

“ನೀವು ಯಾವತ್ತಾದ್ರೂ ಒಳಗೆ ಹೋಗಿ ಕೇಳಿದ್ದೀರಾ ಸಾರ್?”

“ನಂಗೇನು ಭಯಾನಾ?”

“ಹಂಗಾದ್ರೆ ಹೋಗ್ಬನ್ನಿ ನೋಡೋಣ.”

ಹೋದೆ. ಮಕ್ಕಳಿಗೆ ತಿಳಿವಳಿಕೆ ಕೊಡಲು ನಾಲ್ಕು ಕಾಂಡೋಮ್ ಬೇಕೆಂದು ಕಿಟಕಿಯಲ್ಲಿ ಪಿಸುಗುಟ್ಟಿದೆ. ದಾದಿ ಕಿವಿಗೆ ಕೈ ಹಿಡಿದಳು. “ಜೋರಾಗಿ ಹೇಳ್ರೀ! ಏನು, ಕಾಂಡೋಮಾ? ಈ ವಯಸ್ಸಲ್ಲಾ?” ಬೆಂಚಿನಲ್ಲಿದ್ದ ನೆರೆಮನೆಯ ದೋನ್ಯಾ ಕ್ರೂಸಿತಾ ಜಪಮಾಲೆ ನಿಲ್ಲಿಸಿ ತಿರುಗಿದಳು. ನನ್ನ ಶೌರ್ಯ ಅಲ್ಲಿಗೆ ಮುಗಿಯಿತು. “ಅಲ್ಲಮ್ಮ, ಬಿಪಿ ನೋಡಿಸೋಣಾಂತ ಬಂದೆ” ಎಂದು ತೋಳು ಚಾಚಿದೆ. ಬಿಪಿಯೇನೋ ಭರ್ಜರಿಯಾಗಿಯೇ ಇತ್ತು.

ಸುದ್ದಿ ನನಗಿಂತ ಮುಂಚೆಯೇ ಊರು ಸುತ್ತಿತ್ತು. ಮೂಲೆಯಂಗಡಿ ದಾಟುವಾಗ ಡಾಮಿನೋ ಆಡುತ್ತಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮನೆಯಲ್ಲಿ ಹೆಂಡತಿ ಫ್ರಾನ್ಸಿಯಾ ಹುರಿದ ಬಾಳೆಕಾಯಿಯ ತಟ್ಟೆಯನ್ನು ಕುಕ್ಕಿ, “ಯಾರಪ್ಪಾ ಆ ಪುಣ್ಯಾತ್ಗಿತ್ತಿ?” ಎಂದಳು.

ಮೈದಾನದಲ್ಲಿ ಇದನ್ನು ಅಭಿನಯಿಸಿ ತೋರಿಸಿದಾಗ ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ನೆರೆಯ್ದಾ ನಗಲಿಲ್ಲ. ಎಲ್ಲರೂ ಹೋದ ಮೇಲೆ ಹೇಳಿದಳು: “ನಾನೂ ಹೋಗಿದ್ದೆ ಸಾರ್, ಬಸುರಾಗ್ದಿರೋ ಮಾತ್ರೆ ಕೇಳೋಕೆ. ಅಮ್ಮನ್ನ ಕರ್ಕೊಂಡ್ ಬಾ ಅಂದ್ರು. ಅಮ್ಮ ಸ್ಪೇನಲ್ಲಿ ಯಾರದೋ ಅಜ್ಜೀನ ನೋಡ್ಕೊಂಡಿದ್ದಾಳೆ, ಎಲ್ಲಿಂದ ಕರ್ಕೊಂಡ್ ಬರ್ಲಿ? ಬೆಂಚಲ್ಲಿ ಕೂತೋರೆಲ್ಲ ನನ್ ಹೊಟ್ಟೆನೇ ನೋಡ್ತಿದ್ರು. ಆಗ ಅದ್ರಲ್ಲಿ ಏನೂ ಇರ್ಲಿಲ್ಲ.”

ಆಗ ಇರಲಿಲ್ಲ, ಮಾನ್ಯರೇ. ಈಗ ಇದೆ.

ಉಳಿದವರಿಗೆ ‘ಕೆಟ್ಟ ಮಾದರಿ’ಯಾಗಬಾರದೆಂದು ಶಾಲೆಯವರು ಅವಳನ್ನು ವಯಸ್ಕರ ಸಂಜೆ ತರಗತಿಗೆ ದಾಟಿಸಿದರು. ಇದಕ್ಕೆ ಕಾರಣನಾದ ಹುಡುಗ ಅದೇ ಶಾಲೆಯಲ್ಲಿ ಹಗಲು ಹೊತ್ತು ಓದುತ್ತಿದ್ದಾನೆ. ಅವನು ಯಾವುದರ ಮಾದರಿಯೋ ತಮ್ಮ ಇಲಾಖೆಯೇ ತಿಳಿಸಬೇಕು.

ಕಳೆದ ಸಭೆಗೆ ನೆರೆಯ್ದಾ ಗೆಳತಿಯರನ್ನು ಕಟ್ಟಿಕೊಂಡು ಬಂದಿದ್ದಳು. ಕಾವಲುಗಾರ ಬಾಗಿಲಲ್ಲೇ ತಡೆದ. “ಇದು ದೊಡ್ಡೋರ ಸಭೆ ಕಣಮ್ಮ, ಮಕ್ಕಳಿಗೆ ಪ್ರವೇಶ ಇಲ್ಲ.” ಆ ಹೊತ್ತಿಗೆ ಒಳಗೆ ನಾನು, ಮೀಸೆಗಂಟಿದ ಕಡುಬಿನ ಚೂರು ಒರೆಸಿಕೊಳ್ಳುತ್ತ, ‘ಯುವಜನರ ಪಾಲ್ಗೊಳ್ಳುವಿಕೆ’ಯ ಕುರಿತು ಭಾಷಣ ಮಾಡುತ್ತಿದ್ದೆ. ತಾವು ತಲೆದೂಗಿದಿರಿ. ನಾನು ಬಾಗಿ ನಮಸ್ಕರಿಸಿದೆ. ಇಂಥ ಜಾಣರಿಬ್ಬರು ಇರುವಾಗ ಊರಿಗೆ ಬೇರೆ ರೋಗ ಬೇಕೇ?

ಚಿಕಿತ್ಸಾಲಯ ತೆರೆದಿರುವುದು ಬೆಳಿಗ್ಗೆ, ಮಕ್ಕಳು ಶಾಲೆಯಲ್ಲಿರುವಾಗ. ಅದನ್ನು ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ ತೆರೆಯಿರಿ. ಕಿಟಕಿಯ ಬದಲು ಬಾಗಿಲು ಮುಚ್ಚುವ ಒಂದು ಕೋಣೆ ಕೊಡಿ. ಅಮ್ಮನನ್ನು ಕರೆತರುವ ಕಟ್ಟಳೆಯನ್ನು ಕಿತ್ತುಹಾಕಿ. ನೆರೆಯ್ದಾಳನ್ನು ಹಗಲಿನ ತರಗತಿಗೆ ಮರಳಿಸಲು ಶಾಲೆಗೆ ಹೇಳಿ. ನನ್ನನ್ನು ವಜಾ ಮಾಡಿ, ಆ ಜಾಗದಲ್ಲಿ ಅವಳನ್ನೂ ಅವಳ ವಯಸ್ಸಿನ ಇನ್ನೊಬ್ಬರನ್ನೂ ಮತದ ಹಕ್ಕಿನೊಂದಿಗೆ ಕೂರಿಸಿ. ಮುಂದಿನ ಸಭೆಯ ಹೊತ್ತಿಗೆ ಹೆರಿಗೆಯಾಗಿರುತ್ತದೆ. ಅವಳು ಒಳಗೆ ಮಾತಾಡಿ ಮುಗಿಸುವವರೆಗೆ ಮಗುವನ್ನೆತ್ತಿಕೊಂಡು ನಾನು ಹೊರಗೆ ಕಾಯುತ್ತೇನೆ. ಆ ಕೆಲಸಕ್ಕೆ ನನ್ನ ವಯಸ್ಸು ಸರಿಯಾಗಿದೆ.

ಇಂತಿ,
ವಜಾ ಆದೇಶದ ನಿರೀಕ್ಷೆಯಲ್ಲಿರುವ ತಮ್ಮ ಯುವಕ,
ವಿಲ್ಫ್ರಿದೋ ಪೆಗೇರೋ